ಅಕ್ಕೋರನ್ನು ಕೇಳಿ: ‘ಹೋಗ್ತಿದ್ದೆ’ ಬೇರೆ, ‘ಹೋಗಾಕತ್ತಿದ್ದೆ’ ಬೇರೆ

ಇಂಗ್ಲಿಷಿನ ಐಎನ್‌ಜಿ ಬಗ್ಗೆ ಪತ್ರಗಳು ಮೊದಲೂ ಬರುತ್ತಿದ್ದವು. ಈ ಸಲ ಜಾಸ್ತಿ ಆಗಿವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ, ಪ್ರೆಸೆಂಟ್ ಕಂಟಿನ್ಯೂಯಸ್ ಮತ್ತು ಪಾಸ್ಟ್ ಕಂಟಿನ್ಯೂಯಸ್ ಎರಡನ್ನೇ ಹಿಡಿದು ಕೂತಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು. ಆ್ಯಮ್, ಈಸ್, ಆರ್ ಇವುಗಳಲ್ಲಿ ಒಂದನ್ನು ಇಟ್ಟು, ಮುಂದೆ ಐಎನ್‌ಜಿ ಹಚ್ಚಿದ ಕ್ರಿಯಾಪದ ಬರೆದರೆ ಪ್ರೆಸೆಂಟ್ ಕಂಟಿನ್ಯೂಯಸ್. ಅವುಗಳ ಜಾಗದಲ್ಲಿ ವಾಸ್ ಅಥವಾ ವರ್ ಇಟ್ಟರೆ ಪಾಸ್ಟ್ ಕಂಟಿನ್ಯೂಯಸ್. ಇಷ್ಟನ್ನು ಹೈಸ್ಕೂಲಿನ ಯಾವ ಹುಡುಗ ಬೇಕಾದರೂ ಬಾಯಿಪಾಠ ಒಪ್ಪಿಸುತ್ತಾನೆ. ತೊಡಕು ಇರುವುದು ಇದನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು ಅನ್ನುವಲ್ಲಿ.

ಅಕ್ಕೋರೆ, ನನ್ನದು ಹುಬ್ಬಳ್ಳಿಯಲ್ಲಿ ಬೈಕ್ ಗ್ಯಾರೇಜ್. ಮಗಳು ಎಂಟನೇ ಕ್ಲಾಸು. ನಾನು ಸಣ್ಣವನಿದ್ದಾಗ ಸೈಕಲ್ ಮೇಲೆ ಸಾಲಿಗೆ ಹೋಗುತ್ತಿದ್ದೆ ಅಂತ ಅವಳಿಗೆ ಇಂಗ್ಲಿಷಿನಲ್ಲಿ ಹೇಳಲು ಹೋದೆ. ‘ಐ ವಾಸ್ ಗೋಯಿಂಗ್ ಟು ಸ್ಕೂಲ್ ಬೈ ಬೈಸಿಕಲ್’ ಅಂದೆ. ‘ಹೂಂ, ಆಮ್ಯಾಲೆ ದಾರ್ಯಾಗ ಏನಾತು ಪಪ್ಪಾ?’ ಅಂತ ಕೇಳಿದಳು. ಏನೂ ಆಗಲಿಲ್ಲ, ಸುಮ್ನೆ ದಿನಾ ಹೋಗ್ತಿದ್ದೆ ಅಂದೆ. ಹಂಗಾದ್ರ ನಿನ್ನ ವಾಕ್ಯ ತಪ್ಪು ಅಂತಾಳೆ. ‘ಹೋಗುತ್ತಿದ್ದೆ’ ಅಂದರೆ ‘ವಾಸ್ ಗೋಯಿಂಗ್’ ಅಂತಲೇ ನಮಗೆ ಕಲಿಸಿದ್ದರಲ್ಲ? — ಓದುಗ, ಹಳೇ ಹುಬ್ಬಳ್ಳಿ

ಮಗಳು ಸರಿ. ‘ದಾರ್ಯಾಗ ಏನಾತು’ ಅಂತ ಅವಳು ಕೇಳಿದಳಲ್ಲ, ಪಾಸ್ಟ್ ಕಂಟಿನ್ಯೂಯಸ್ ಅಂದರೆ ಅದೇ. ‘ಐ ವಾಸ್ ಗೋಯಿಂಗ್’ ಅಂದ ಕೂಡಲೇ ಕೇಳುವವರು ಕಿವಿ ನಿಮಿರಿಸುತ್ತಾರೆ. ಯಾಕೆಂದರೆ ನೀವು ಹಿಂದಿನ ಒಂದು ಹೊತ್ತನ್ನು ಹಿಡಿದು ನಿಲ್ಲಿಸಿದ್ದೀರಿ. ಆ ಹೊತ್ತಿಗೆ ಕೆಲಸ ಶುರುವಾಗಿದೆ, ಇನ್ನೂ ಮುಗಿದಿಲ್ಲ. ಹಾಗಾದರೆ ನಡುವೆ ಏನೋ ಆಗಿರಬೇಕು. ‘ಐ ವಾಸ್ ಗೋಯಿಂಗ್ ಟು ಸ್ಕೂಲ್ ವೆನ್ ದಿ ಚೈನ್ ಕೇಮ್ ಆಫ್’ ಅಂದಿದ್ದರೆ ಮಗಳು ಸುಮ್ಮನಿರುತ್ತಿದ್ದಳು. ದಾರಿಯಲ್ಲಿ ಚೈನ್ ಬಿತ್ತು, ಕಥೆ ಮುಂದೆ ಹೋಯಿತು. ನೀವು ಹೇಳಬೇಕಿದ್ದದ್ದು ದಿನಾ ನಡೆಯುತ್ತಿದ್ದ ರೂಢಿಯ ಮಾತು. ಅದಕ್ಕೆ ‘ಐ ಯೂಸ್ಡ್ ಟು ಗೋ ಟು ಸ್ಕೂಲ್ ಬೈ ಬೈಸಿಕಲ್’ ಅನ್ನಬೇಕು. ‘ಐ ವೆಂಟ್ ಟು ಸ್ಕೂಲ್ ಬೈ ಬೈಸಿಕಲ್’ ಅಂದರೂ ನಡೆಯುತ್ತದೆ.

ನಿಮಗೆ ಕಲಿಸಿದವರನ್ನು ನಾನು ಬೈಯುವುದಿಲ್ಲ. ತಪ್ಪು ಪುಸ್ತಕದ ಕನ್ನಡದ ಮೂಲಕ ಹೋದದ್ದರಿಂದ ಆಗಿದೆ. ‘ನೀನು ಫೋನ್ ಮಾಡಿದಾಗ ಊಟ ಮಾಡುತ್ತಿದ್ದೆ’, ‘ಸಣ್ಣವನಿದ್ದಾಗ ಅಜ್ಜನ ಜೊತೆ ಊಟ ಮಾಡುತ್ತಿದ್ದೆ’. ಎರಡಕ್ಕೂ ಒಂದೇ ‘ಮಾಡುತ್ತಿದ್ದೆ’. ಇಂಗ್ಲಿಷಿನವರು ಮೊದಲನೆಯದಕ್ಕೆ ‘ವಾಸ್ ಈಟಿಂಗ್’, ಎರಡನೆಯದಕ್ಕೆ ‘ಯೂಸ್ಡ್ ಟು ಈಟ್’ ಅಂತ ಬೇರೆ ಮಾಡಿ ಇಟ್ಟಿದ್ದಾರೆ.

ಈಗ ನೀವು ಪೆನ್ನು ಕೆಳಗಿಟ್ಟು, ಗ್ಯಾರೇಜಿನಲ್ಲಿ ಮಾತಾಡುವ ಹಾಗೆ ಮಾತಾಡಿ ನೋಡಿ. ‘ನೀ ಫೋನ್ ಮಾಡಿದಾಗ ಉಣ್ಣಾಕತ್ತಿದ್ದೆ.’ ‘ಸಣ್ಣಾಂವ ಇದ್ದಾಗ ಅಜ್ಜನ ಜೋಡಿ ಉಣ್ತಿದ್ದೆ.’ ಬೇರೆ ಆದವು ಅಲ್ವಾ? ಯಾವ ವ್ಯಾಕರಣ ಪುಸ್ತಕವನ್ನೂ ತೆರೆಯದ ಅಜ್ಜಿ ಕೂಡ ನಮ್ಮ ಕಡೆ ಇವೆರಡನ್ನು ಅದಲುಬದಲು ಮಾಡುವುದಿಲ್ಲ. ಧಾರವಾಡದ ಕೆಲವು ಮನೆಗಳಲ್ಲಿ ‘ಉಣ್ಣಾಕತ್ತಿದ್ದೆ’ ಬದಲು ‘ಊಟ ಮಾಡ್ಲಿಕ್ಕತ್ತಿದ್ದೆ’ ಅನ್ನುತ್ತಾರೆ. ಲೆಕ್ಕ ಒಂದೇ. ಬಾಯಲ್ಲಿ ‘ಆಕತ್ತಿದ್ದೆ’, ‘ಲಿಕ್ಕತ್ತಿದ್ದೆ’ ಬಂದರೆ ವಾಸ್ ಇಟ್ಟು ಐಎನ್‌ಜಿ ಹಚ್ಚಿ. ಬರೀ ‘ತಿದ್ದೆ’ ಬಂದರೆ ಯೂಸ್ಡ್ ಟು.

ಈಗಿನ ಮಾತಿಗೂ ಇದೇ ಪರೀಕ್ಷೆ. ಗಿರಾಕಿ ಫೋನ್ ಮಾಡಿ ‘ಏನ್ ಮಾಡಾಕತ್ತೀರಿ?’ ಅಂದರೆ ನೀವು ‘ಒಂದ್ ಗಾಡಿ ಬಿಚ್ಚಾಕತ್ತೀನ್ರೀ’ ಅನ್ನುತ್ತೀರಿ. ಅದು ‘ವಾಟ್ ಆರ್ ಯು ಡೂಯಿಂಗ್?’ ಅನ್ನುವ ಪ್ರಶ್ನೆ. ಮದುವೆ ಮನೆಯಲ್ಲಿ ಹೊಸಬರು ‘ನೀವು ಏನ್ ಮಾಡ್ತೀರಿ?’ ಅಂದರೆ ‘ಗ್ಯಾರೇಜ್ ಐತ್ರೀ’ ಅನ್ನುತ್ತೀರಿ. ಅದು ‘ವಾಟ್ ಡು ಯು ಡು?’. ಅಲ್ಲಿ ಯಾರೂ ‘ಹೋಳಿಗಿ ತಿನ್ನಾಕತ್ತೀನಿ’ ಅಂತ ಉತ್ತರ ಕೊಡುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಇದೇ ಎರಡು ಪ್ರಶ್ನೆಗಳಿಗೆ ಅದಲುಬದಲು ಉತ್ತರ ಕೊಡುವ ಪದವೀಧರರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮನೆ ಮಾತನ್ನು ಗೇಟಿನ ಹೊರಗೆ ಬಿಟ್ಟು ಒಳಗೆ ಬಾ ಅಂತ ಮಕ್ಕಳಿಗೆ ಹೇಳುವ ರೂಢಿ ನನಗೆ ಎಂದೂ ಸರಿ ಕಂಡಿಲ್ಲ. ಇಂಗ್ಲಿಷ್ ಕಲಿಯಲು ಪುಸ್ತಕದ ಕನ್ನಡಕ್ಕಿಂತ ಆ ಮಾತೇ ಇಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಮೈಸೂರು, ಬೆಂಗಳೂರು ಕಡೆಯ ಓದುಗರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ‘ಹೋಗ್ತಾ ಇದ್ದೆ’ ಎರಡೂ ಕಡೆ ನಡೆದುಬಿಡುತ್ತದೆ. ನೀವು ವಾಕ್ಯಕ್ಕೆ ‘ಆ ಹೊತ್ತಿನಲ್ಲಿ’ ಅಂತ ಸೇರಿಸಿ ನೋಡಿ. ಸೇರಿದರೆ ವಾಸ್ ಗೋಯಿಂಗ್. ‘ಆಗೆಲ್ಲ ದಿನಾ’ ಅಂತ ಸೇರಿದರೆ ಯೂಸ್ಡ್ ಟು ಗೋ.

ನನ್ನ ಊರು ಬ್ಯಾಡಗಿ. ಅಪ್ಪ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಕೆಲಸ ಮಾಡುತ್ತಾರೆ. ಮೊನ್ನೆ ಒಂದು ಕೆಲಸದ ಇಂಟರ್‌ವ್ಯೂನಲ್ಲಿ ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಂದೆ. ಎದುರಿಗೆ ಕೂತವರು ನಕ್ಕರು. ಆಮೇಲೆ ‘ಐ ಆ್ಯಮ್ ನೋಯಿಂಗ್ ಕಂಪ್ಯೂಟರ್’ ಅಂದೆ, ಮತ್ತೆ ನಕ್ಕರು. ತಪ್ಪು ಏನು ಅಂತ ಹೇಳಲಿಲ್ಲ. — ಓದುಗಳು, ಹಾವೇರಿ ಜಿಲ್ಲೆ

ತಂಗಿ, ನಕ್ಕವರಿಗೂ ನಿನ್ನ ಅರ್ಥ ತಿಳಿದಿತ್ತು, ಅದಕ್ಕೇ ನಕ್ಕರು. ನಮ್ಮ ದೇಶದಲ್ಲಿ ‘ಐ ಆ್ಯಮ್ ಹ್ಯಾವಿಂಗ್’ ಊರೂರಲ್ಲಿ ಕೇಳಿಸುತ್ತದೆ, ಆಫೀಸರುಗಳ ಬಾಯಲ್ಲೂ. ಆದರೂ ಇಂಟರ್‌ವ್ಯೂ ಅಂದರೆ ಇಂಟರ್‌ವ್ಯೂ, ಸರಿ ಮಾಡಿಕೊಂಡು ಹೋಗು.

ಮೇಲೆ ಗ್ಯಾರೇಜಿನವರಿಗೆ ಹೇಳಿದ ಪರೀಕ್ಷೆ ಇಲ್ಲೂ ಹಚ್ಚು. ‘ನನಗ ಇಬ್ಬರು ಅಣ್ಣಂದಿರು ಅದಾರ.’ ‘ಕಂಪ್ಯೂಟರ್ ಗೊತ್ತೈತಿ.’ ‘ಆಕತ್ತಿ’ ಎಲ್ಲೂ ಬರಲಿಲ್ಲ. ಬರುವುದಾದರೂ ಹೇಗೆ? ಅಣ್ಣಂದಿರು ಇರುವುದು ಮುಂಜಾನೆ ಶುರುವಾಗಿ ಸಂಜೆ ಮುಗಿಯುವ ಕೆಲಸ ಅಲ್ಲ. ಅದು ಸ್ಥಿತಿ. ಸ್ಥಿತಿ ಹೇಳುವ ಕ್ರಿಯಾಪದಕ್ಕೆ ಇಂಗ್ಲಿಷಿನವರು ಐಎನ್‌ಜಿ ಹಚ್ಚುವುದಿಲ್ಲ. ನೋ, ಬಿಲೀವ್, ವಾಂಟ್, ನೀಡ್, ಓನ್, ಬಿಲಾಂಗ್, ಇವೆಲ್ಲ ಅದೇ ಗುಂಪು. ‘ಐ ಹ್ಯಾವ್ ಟೂ ಬ್ರದರ್ಸ್.’ ಕಂಪ್ಯೂಟರಿಗೆ ‘ಐ ಕ್ಯಾನ್ ಯೂಸ್ ಎ ಕಂಪ್ಯೂಟರ್’ ಅನ್ನು, ಅದು ಇನ್ನೂ ಚೆನ್ನ.

ಕೆಲವು ಕ್ರಿಯಾಪದಗಳು ಎರಡೂ ಕಡೆ ಕಾಲಿಡುತ್ತವೆ. ನಿಮ್ಮ ಅಪ್ಪನ ಮಾರ್ಕೆಟ್ಟಿಗೇ ಹೋಗೋಣ. ಮೆಣಸಿನಕಾಯಿ ಚೀಲ ತಕ್ಕಡಿ ಮೇಲೆ ಇದೆ. ಹಮಾಲ ಅದನ್ನು ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟಿದ್ದಾನೆ, ಅಪ್ಪ ಬಗ್ಗಿ ಅಂಕಿ ನಿಲ್ಲುವುದನ್ನೇ ಕಾಯುತ್ತಿದ್ದಾರೆ. ಈ ಹೊತ್ತಿಗೆ ‘ಮೈ ಫಾದರ್ ಈಸ್ ವೇಯಿಂಗ್ ದಿ ಬ್ಯಾಗ್’. ತೂಗುವುದು ಕೆಲಸ, ನಡೆಯುತ್ತಿದೆ. ಅಂಕಿ ನಿಂತಿತು, 40 ಕೆಜಿ ಅಂತಿಟ್ಟುಕೋ. ಆಗ ‘ದಿ ಬ್ಯಾಗ್ ವೇಸ್ 40 ಕೆಜಿ’. ‘ದಿ ಬ್ಯಾಗ್ ಈಸ್ ವೇಯಿಂಗ್’ ಅಂದರೆ ಚೀಲವೇ ಎದ್ದು ಏನನ್ನೋ ತೂಗುತ್ತಿದೆ ಅಂದ ಹಾಗಾಗುತ್ತದೆ. ಹ್ಯಾವ್ ಕೂಡ ಹಾಗೇ. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಪೂರ್ತಿ ಸರಿ, ಅಲ್ಲಿ ಹ್ಯಾವ್ ಅಂದರೆ ಉಣ್ಣುವುದು. ಥಿಂಕ್ ನೋಡು: ‘ಐ ಥಿಂಕ್ ಹಿ ಈಸ್ ರೈಟ್’ ನಿನ್ನ ಅಭಿಪ್ರಾಯ, ‘ಐ ಆ್ಯಮ್ ಥಿಂಕಿಂಗ್ ಆಫ್ ಲರ್ನಿಂಗ್ ಟ್ಯಾಲಿ’ ಈಗ ತಲೆಯಲ್ಲಿ ಓಡುತ್ತಿರುವ ವಿಚಾರ.

ಒಂದು ಎಚ್ಚರಿಕೆ. ನಮ್ಮ ಪರೀಕ್ಷೆ ಅಲ್ಲಲ್ಲಿ ಕೈ ಕೊಡುತ್ತದೆ. ‘ಈಗ ತಿಳ್ಯಾಕತ್ತೈತಿ’ ಅನ್ನುತ್ತೇವೆ, ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಐ ಅಂಡರ್‌ಸ್ಟ್ಯಾಂಡ್ ನೌ’ ಅಷ್ಟೇ. ‘ಹಸಿವಿ ಆಗಾಕತ್ತೈತಿ’ ಅಂದರೆ ‘ಐ ಆ್ಯಮ್ ಹಂಗ್ರಿ’. ಇಂಥವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ.

ಲೈಕ್, ಲವ್ ಇವಕ್ಕೆ ಐಎನ್‌ಜಿ ಹಚ್ಚಬಾರದು ಅಂತ ನಮ್ಮ ಸರ್ ಹೇಳ್ತಾರೆ. ಮೆಕ್‌ಡೊನಾಲ್ಡ್ಸ್ ಬೋರ್ಡಿನ ಮೇಲೆ ‘ಐ ಆ್ಯಮ್ ಲವಿಂಗ್ ಇಟ್’ ಅಂತ ಇದೆಯಲ್ಲ? — ಪಿಯುಸಿ ವಿದ್ಯಾರ್ಥಿ, ಧಾರವಾಡ

ಆ ಘೋಷಣೆ 2003ರಲ್ಲಿ ಬಂದದ್ದು. ಬೋರ್ಡಿನ ಮೇಲೆ ಅದನ್ನು ಇನ್ನೂ ಮೋಟು ಮಾಡಿ ‘ಐಮ್ ಲವಿನ್ ಇಟ್’ ಅಂತ ಬರೆದಿರುತ್ತಾರೆ. ಅವರಿಗೆ ನಿಯಮ ಗೊತ್ತಿಲ್ಲ ಅಂತಲ್ಲ. ‘ಐ ಲವ್ ಇಟ್’ ಅಂದರೆ ಬಹಳ ದಿನದ ಇಷ್ಟ. ‘ಲವಿಂಗ್’ ಅಂದಾಗ ಈಗ, ಈ ತುತ್ತು ಬಾಯಲ್ಲಿರುವಾಗಲೇ ಖುಷಿ ಅನ್ನಿಸುತ್ತದೆ. ಇಂಗ್ಲಿಷಿನವರು ಆಡುಮಾತಿನಲ್ಲಿ ಹೀಗೆ ಅನ್ನುವುದುಂಟು. ಪರೀಕ್ಷೆಯಲ್ಲಿ ಮಾತ್ರ ನಿಮ್ಮ ಸರ್ ಹೇಳಿದ್ದನ್ನೇ ಬರಿ. ಪೇಪರ್ ತಿದ್ದುವವರು ಬರ್ಗರ್ ಕಂಪನಿಯವರಲ್ಲ.

ಮಗನ ಏಳನೇ ಕ್ಲಾಸಿನ ಟೆಸ್ಟಿನಲ್ಲಿ ‘ವೆನ್ ದಿ ಗೆಸ್ಟ್ಸ್ ಕೇಮ್, ಮದರ್ ಡ್ಯಾಶ್ ಮಿರ್ಚಿ’ ಅಂತ ಬಂದಿತ್ತು. ‘ಫ್ರೈಡ್’ ಬರೆದ. ತಪ್ಪು ಹಾಕಿ ‘ವಾಸ್ ಫ್ರೈಯಿಂಗ್’ ಅಂತ ತಿದ್ದಿದ್ದಾರೆ. ನನಗೆ ಎರಡೂ ಸರಿ ಅನ್ನಿಸುತ್ತದೆ. ವೆನ್ ಮತ್ತು ವೈಲ್ ನಡುವಿನ ವ್ಯತ್ಯಾಸವನ್ನೂ ಹೇಳಿ. — ಗೃಹಿಣಿ, ಗದಗ

ವ್ಯಾಕರಣ ಎರಡರಲ್ಲೂ ಸರಿಯೇ ಇದೆ. ಆದರೆ ಎರಡೂ ವಾಕ್ಯದಲ್ಲಿ ಅಡುಗೆಮನೆ ಬೇರೆ ಬೇರೆ.

‘ಮದರ್ ಫ್ರೈಡ್ ಮಿರ್ಚಿ’ ಅಂದರೆ ಬೀಗರು ಬಂದರು, ಅವ್ವ ಎದ್ದಳು, ಕಡಲೆ ಹಿಟ್ಟು ಕಲಸಿದಳು, ಎಣ್ಣೆ ಕಾಯಲಿಟ್ಟಳು. ಬಂದದ್ದು ಮೊದಲು, ಕರಿದದ್ದು ಆಮೇಲೆ. ‘ಮದರ್ ವಾಸ್ ಫ್ರೈಯಿಂಗ್ ಮಿರ್ಚಿ’ ಅಂದರೆ ಬೆಲ್ ಹೊಡೆದ ಹೊತ್ತಿಗೆ ಕಡಾಯಿಯಲ್ಲಿ ಎಣ್ಣೆ ಆಗಲೇ ಕಾದಿದೆ. ಸೀಳಿ ಜೀರಿಗೆ ಉಪ್ಪು ತುಂಬಿದ ಮೆಣಸಿನಕಾಯಿ ಹಿಟ್ಟಿನಲ್ಲಿ ಮುಳುಗಿ ಎಣ್ಣೆಗೆ ಬಿದ್ದಾಗಿದೆ. ಒಂದು ಮಗ್ಗುಲು ಕೆಂಪಾಗಿದೆ, ಮೇಲಿನ ಮಗ್ಗುಲು ಇನ್ನೂ ಹಸಿ ಹಳದಿ. ಬಾಗಿಲು ತೆರೆಯಲು ಹೋದರೆ ಸೀಯುತ್ತದೆ, ಹೋಗದಿದ್ದರೆ ಬೀಗರು ಹೊರಗೇ ನಿಲ್ಲುತ್ತಾರೆ. ಆ ಅರ್ಧ ಬೆಂದ ಹೊತ್ತೇ ವಾಸ್ ಫ್ರೈಯಿಂಗ್.

ಪ್ರಶ್ನೆ ಪತ್ರಿಕೆಯಲ್ಲಿ ಹಿಂದೆ ಮುಂದೆ ಬೇರೆ ಏನೂ ಇರದಿದ್ದರೆ ನಿಮ್ಮ ಮಗನಿಗೆ ಅಂಕ ಕೊಡಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಕಂಟಿನ್ಯೂಯಸ್ ಪಾಠ ಮುಗಿದ ಮೇಲಿನ ಟೆಸ್ಟ್ ಆಗಿದ್ದರೆ ಅವರು ಏನು ಬಯಸಿದ್ದರು ಅಂತ ಊಹಿಸಬಹುದು. ಅಷ್ಟಕ್ಕೆ ಶಾಲೆಗೆ ಜಗಳಕ್ಕೆ ಹೋಗಬೇಡಿ. ಸುಮ್ನೆ ಹೋಗಿ ಕೇಳಿ ಬನ್ನಿ.

ವೆನ್, ವೈಲ್ ವಿಷಯ ಸಣ್ಣದು. ಥಟ್ಟನೆ ಆಗಿ ಮುಗಿಯುವ ಘಟನೆಗೆ ವೆನ್. ಬಂದರು, ಬಿತ್ತು, ಕರೆಂಟ್ ಹೋಯಿತು, ಇಂಥವು. ಹೊತ್ತು ಹಿಡಿಯುವ ಕೆಲಸಕ್ಕೆ ವೈಲ್. ‘ವೈಲ್ ಐ ವಾಸ್ ಫ್ರೈಯಿಂಗ್ ಮಿರ್ಚಿ, ದಿ ಪವರ್ ವೆಂಟ್ ಆಫ್.’ ಎರಡೂ ಹೊತ್ತು ಹಿಡಿಯುವ ಕೆಲಸ ಆಗಿದ್ದರೆ ಎರಡಕ್ಕೂ ಐಎನ್‌ಜಿ: ‘ವೈಲ್ ಐ ವಾಸ್ ಫ್ರೈಯಿಂಗ್ ಮಿರ್ಚಿ, ಮೈ ಸಿಸ್ಟರ್ ವಾಸ್ ಮೇಕಿಂಗ್ ಗಿರ್ಮಿಟ್.’ ‘ವೈಲ್ ದಿ ಪವರ್ ವೆಂಟ್ ಆಫ್’ ಅಂತ ಮಾತ್ರ ಬರೆಯಬೇಡಿ.

ನಮ್ಮದು ನೇಕಾರ ಮನೆತನ. ಅಪ್ಪ ನೂಲಿಗೆ ಬಣ್ಣ ಹಾಕುವ ವಿಡಿಯೋ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ, ಮೇಲೆ ಇಂಗ್ಲಿಷಿನಲ್ಲಿ ‘ಮೈ ಫಾದರ್ ಈಸ್ ಡೈಯಿಂಗ್’ ಅಂತ ಬರೆದೆ. ವಿಡಿಯೋ ತೆರೆಯುವ ಮೊದಲೇ ಸಂಬಂಧಿಕರ ಫೋನ್ ಶುರುವಾದವು. ಒಬ್ಬ ಮಾವ ಬೈಕ್ ಹತ್ತಿ ಬಂದೇಬಿಟ್ಟರು. — ಓದುಗ, ಬೆಟಗೇರಿ

ಅಪ್ಪ ಗಟ್ಟಿಮುಟ್ಟಾಗಿ ಬಣ್ಣದ ಕೈಯಲ್ಲೇ ಬಾಗಿಲು ತೆರೆದಾಗ ಮಾವನ ಮುಖ ಹೇಗಿತ್ತು ಅಂತ ನೀವು ಬರೆಯಲಿಲ್ಲ, ಅದೊಂದು ಕೊರತೆ.

ನೀವು ಬರೆದ ಸ್ಪೆಲಿಂಗ್ ಡಿ, ವೈ, ಐ, ಎನ್, ಜಿ ಇರಬೇಕು. ಅದು ಸಾಯುವುದು. ಬಣ್ಣ ಹಾಕುವುದರಲ್ಲಿ ವೈ ಆದ ಮೇಲೆ ಒಂದು ‘ಇ’ ಉಳಿಯುತ್ತದೆ: ಡಿ, ವೈ, ಇ, ಐ, ಎನ್, ಜಿ. ಉಚ್ಚಾರ ಎರಡಕ್ಕೂ ಒಂದೇ, ಹಾಗಾಗಿ ಬಾಯಲ್ಲಿ ಹೇಳುವಾಗ ‘ಡೈಯಿಂಗ್ ಯಾರ್ನ್’ ಅಂತ ನೂಲನ್ನೂ ಸೇರಿಸುವುದು ಕ್ಷೇಮ. ಮೇಕ್, ರೈಟ್, ಕಮ್ ಇವುಗಳ ಕೊನೆಯ ‘ಇ’ ಐಎನ್‌ಜಿ ಬಂದಾಗ ಬಿದ್ದುಹೋಗುತ್ತದೆ. ಬಣ್ಣದ ಡೈ ಮಾತ್ರ ಸಾವಿನ ಜೊತೆ ಬೆರೆಯಬಾರದು ಅಂತ ‘ಇ’ ಉಳಿಸಿಕೊಂಡಿದೆ. ಸಾಯುವ ಡೈ, ಲೈ, ಟೈ ಇವುಗಳ ಕೊನೆಯ ‘ಐಇ’ ಹೋಗಿ ‘ವೈ’ ಬರುತ್ತದೆ. ರನ್, ಸಿಟ್, ಬಿಗಿನ್ ಇವುಗಳ ಕೊನೆಯ ಅಕ್ಷರ ಎರಡಾಗುತ್ತದೆ. ಓಪನ್‌ನಲ್ಲಿ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಒತ್ತು ಮೊದಲ ಭಾಗದ ಮೇಲಿದೆ. ಟ್ರಾವೆಲಿಂಗ್‌ಗೆ ಬ್ರಿಟಿಷರು ಎರಡು ‘ಎಲ್’ ಬರೆಯುತ್ತಾರೆ, ಅಮೆರಿಕದವರು ಒಂದು. ನಮ್ಮ ಶಾಲೆಗಳಲ್ಲಿ ಎರಡು.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಗಾಡಿ ಕಣ್ಣಿಗೇ ಬಿದ್ದಿರುವುದಿಲ್ಲ, ಮೈಕಿನಲ್ಲಿ ‘ಈಸ್ ಅರೈವಿಂಗ್ ಶಾರ್ಟ್ಲಿ’ ಅಂತಾರೆ. ಬರದ ಗಾಡಿಗೆ ಪ್ರೆಸೆಂಟ್ ಹೇಗೆ? — ಓದುಗ, ಕುಂದಗೋಳ

ಮುಂದೆ ಆಗುವುದು ಪಕ್ಕಾ ಆಗಿದ್ದರೆ, ಎಲ್ಲ ಏರ್ಪಾಡೂ ಮುಗಿದಿದ್ದರೆ ಪ್ರೆಸೆಂಟ್ ಕಂಟಿನ್ಯೂಯಸ್ ನಡೆಯುತ್ತದೆ. ನೀವೂ ಹಾಗೇ ಮಾತಾಡುತ್ತೀರಿ. ಚಹಾ ಕುಡಿಯುತ್ತ ಮನೆಯಲ್ಲೇ ಕೂತು ‘ನಾಳೆ ಬೆಂಗಳೂರಿಗೆ ಹೊಂಟೀನಿ’ ಅನ್ನುತ್ತೀರಲ್ಲ? ಟಿಕೆಟ್ ಕಿಸೆಯಲ್ಲಿದೆ, ಅದಕ್ಕೆ. ‘ಐ ಆ್ಯಮ್ ಗೋಯಿಂಗ್ ಟು ಬೆಂಗಳೂರು ಟುಮಾರೊ.’ ಟೈಂಟೇಬಲ್ ಓದಿ ಹೇಳುವಾಗ ಮಾತ್ರ ಸಿಂಪಲ್ ಪ್ರೆಸೆಂಟ್: ‘ದಿ ಟ್ರೇನ್ ಲೀವ್ಸ್ ಅಟ್ ಸಿಕ್ಸ್.’ ಯಾರೂ ಏರ್ಪಾಡು ಮಾಡಲಾಗದ್ದಕ್ಕೆ ಇದು ಒಗ್ಗುವುದಿಲ್ಲ. ಧಾರವಾಡದ ಮಳೆ ಯಾರ ಮಾತನ್ನೂ ಕೇಳುವುದಿಲ್ಲ, ಆದ್ದರಿಂದ ‘ಇಟ್ ಈಸ್ ರೇನಿಂಗ್ ಟುಮಾರೊ’ ಅನ್ನಬಾರದು. ಮೋಡ ನೋಡಿ ‘ಇಟ್ ಈಸ್ ಗೋಯಿಂಗ್ ಟು ರೇನ್’ ಅನ್ನಿ.

ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದನೆಯದು ಅಂತ ಹೆಸರಾಗಿದೆ. ನಿಮ್ಮ ಬೋಗಿ ಆ ಕೊನೆಗೆ ನಿಲ್ಲುವುದಾದರೆ ‘ಅರೈವಿಂಗ್ ಶಾರ್ಟ್ಲಿ’ ಕೇಳಿದ ಕೂಡಲೇ ನಡೆಯಲು ಶುರು ಮಾಡಿ. ವ್ಯಾಕರಣ ಆಮೇಲೆ.

‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ 2015’ ಸರಿಯೇ? — ಓದುಗ, ರಾಣೆಬೆನ್ನೂರು

ಅಲ್ಲ. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2015.’ ‘2015ರಿಂದ ಮಾಡಾಕತ್ತೀನಿ’ ಅಂತ ನಮ್ಮ ಬಾಯಿ ಅನ್ನುತ್ತದೆ, ಮೇಲಿನ ಪರೀಕ್ಷೆ ಸೋಲುವ ದೊಡ್ಡ ಜಾಗ ಇದು. ‘ಇಂದ’ ಅಂತ ಶುರುವಿನ ಗುರುತು ಬಂದರೆ ಹ್ಯಾವ್ ಬೀನ್ ನೆನಪಿಸಿಕೊಳ್ಳಿ. ಎಷ್ಟು ವರ್ಷ ಅಂತ ಲೆಕ್ಕ ಹೇಳುವಾಗ ಸಿನ್ಸ್ ಬದಲು ಫಾರ್.

ನನ್ನ ಮಗ ಹತ್ತನೇ ಕ್ಲಾಸು. ಮೊನ್ನೆ ಸಿಟ್ಟಿನಲ್ಲಿ ‘ಯು ಆರ್ ಆಲ್ವೇಸ್ ಸ್ಕೋಲ್ಡಿಂಗ್ ಮಿ’ ಅಂದ. ಆಲ್ವೇಸ್ ಬಂದರೆ ಸಿಂಪಲ್ ಪ್ರೆಸೆಂಟ್ ಅಲ್ವಾ? ‘ಯು ಆಲ್ವೇಸ್ ಸ್ಕೋಲ್ಡ್ ಮಿ’ ಅನ್ನಬೇಕು ಅಂತ ತಿದ್ದಿದೆ. ಬಾಗಿಲು ಹಾಕಿಕೊಂಡು ಒಳಗೆ ಹೋದ. — ಒಬ್ಬ ತಾಯಿ, ಧಾರವಾಡ

ತಿದ್ದಬಾರದಿತ್ತು ತಾಯಿ. ಆ ಹೊತ್ತಿನಲ್ಲಂತೂ ತಿದ್ದಬಾರದಿತ್ತು.

ಸುಮ್ನೆ ಮಾಹಿತಿ ಕೊಡುವಾಗ ‘ಹಿ ಆಲ್ವೇಸ್ ಕಮ್ಸ್ ಬೈ ಬಸ್’ ಅನ್ನುತ್ತಾರೆ, ಅದು ನಿಮಗೆ ಗೊತ್ತಿರುವ ನಿಯಮ. ಆದರೆ ಆಲ್ವೇಸ್ ಜೊತೆ ಐಎನ್‌ಜಿ ಸೇರಿದಾಗ ಮಾತಿಗೆ ಬೇಸರ ಹತ್ತುತ್ತದೆ. ‘ಹಿ ಈಸ್ ಆಲ್ವೇಸ್ ಲೂಸಿಂಗ್ ಹಿಸ್ ಕೀಸ್’ ಅಂದರೆ ಯಾವಾಗ ನೋಡಿದರೂ ಕೀ ಕಳಕೊಂಡಿರ್ತಾನ, ಸಾಕಾಗೇತಿ ನನಗ, ಅಂತ ಅರ್ಥ. ‘ಯು ಆಲ್ವೇಸ್ ಸ್ಕೋಲ್ಡ್ ಮಿ’ ಕೂಡ ಸರಿಯಾದ ವಾಕ್ಯವೇ, ಆದರೆ ನಿಮ್ಮ ಮಗನಿಗೆ ಬೇಕಿದ್ದ ಸಿಟ್ಟು ಅದರಲ್ಲಿ ಅಷ್ಟು ಬರುವುದಿಲ್ಲ. ಕೆಲವೊಮ್ಮೆ ಇದೇ ರಚನೆ ಪ್ರೀತಿಯನ್ನೂ ಹೇಳುತ್ತದೆ: ‘ಮೈ ಗ್ರ್ಯಾಂಡ್‌ಮದರ್ ವಾಸ್ ಆಲ್ವೇಸ್ ಟೆಲಿಂಗ್ ಅಸ್ ಸ್ಟೋರೀಸ್.’ ಇಲ್ಲಿ ದಿನದ ರೂಢಿಗೇ ವಾಸ್ ಬಂದಿದೆ, ಹಳೇ ಹುಬ್ಬಳ್ಳಿಯ ಓದುಗರು ಇದನ್ನೂ ಗಮನಿಸಬೇಕು.

ಬಾಗಿಲು ಬಡಿದು ‘ನಿನ್ನ ವಾಕ್ಯ ಸರಿ ಇತ್ತು’ ಅಂತ ಹೇಳಿ. ನೀವು ಅವನಿಗೆ ಬೈದದ್ದು ಸರಿಯೋ ತಪ್ಪೋ ಅನ್ನುವುದು ನನ್ನ ಅಂಕಣದ ಲೆಕ್ಕಕ್ಕೆ ಬರುವುದಿಲ್ಲ.